ಅಂಕ ಕೊಡುವ ಮೊದಲು ಬಾಟಲಿ ನೋಡಿ

ಮಾನ್ಯರೇ,

ಬ್ರೆಜಿಲ್‌ನ ಬ್ರಹ್ಮ, ಅರ್ಜೆಂಟೀನಾದ ಕಿಲ್ಮೆಸ್‌ನಂಥ ಲಾಗರ್ (ತಂಪಿನಲ್ಲಿ ಹುದುಗಿಸಿದ) ಬಿಯರ್‌ಗಳಿಗೆ ಕುಡಿಯುವವರು ಕೊಡುವ ಅಂಕ ಸಾಮಾನ್ಯವಾಗಿ ಕಡಿಮೆ. ಬರೀ ನೀರು, ಬೇಯಿಸಿದ ಮೆಕ್ಕೆಜೋಳದ ವಾಸನೆ, ಸುಟ್ಟ ರಬ್ಬರಿನ ವಾಸನೆ ಎಂಬ ಮೂರು ದೂರುಗಳು ಮತ್ತೆ ಮತ್ತೆ ಬರುತ್ತವೆ. ಮೂರಕ್ಕೂ ಕಾರಣ ಬೇರೆ ಬೇರೆ. ಮೂರನ್ನೂ ಕಲಸಿ ಒಂದು ಅಂಕ ಕೊಟ್ಟರೆ ಓದುಗರಿಗೆ ಏನೂ ತಿಳಿಯುವುದಿಲ್ಲ.

ತೆಳುವಾಗಿರುವುದು ತಪ್ಪಲ್ಲ, ಅದನ್ನು ಹಾಗೆಂದೇ ಮಾಡುತ್ತಾರೆ. ಬ್ರೆಜಿಲ್‌ನ ಕಾನೂನು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬದಲು ಶೇ 45ರವರೆಗೆ ಮೆಕ್ಕೆಜೋಳ, ಅಕ್ಕಿಯಂಥ ಧಾನ್ಯ ಬಳಸಲು ಬಿಡುತ್ತದೆ. ಆಲ್ಕೋಹಾಲ್ ಶೇ 5ರ ಒಳಗೆ, ಕಹಿಯೂ ಕಡಿಮೆ. ಅಲ್ಲಿಯವರು 600 ಮಿ.ಲೀ. ಬಾಟಲಿಯನ್ನು 190 ಮಿ.ಲೀ. ಗ್ಲಾಸುಗಳಿಗೆ ಹಂಚಿಕೊಂಡು, ತಣ್ಣಗಿರುವಾಗಲೇ ಮುಗಿಸುತ್ತಾರೆ. ಶೇ 8ರ ಸ್ಟ್ರಾಂಗ್ ಬಿಯರ್ ಅಳತೆಯಲ್ಲಿ ಇದನ್ನು ತೂಗುವುದು, ಅರೇಬಿಕಾ ಕಾಫಿಯ ಮಾನದಂಡದಲ್ಲಿ ರೋಬಸ್ಟಾ ಕಾಫಿಗೆ ಅಂಕ ಹಾಕಿದ ಹಾಗೆ.

ಬೇಯಿಸಿದ ಮೆಕ್ಕೆಜೋಳದ ವಾಸನೆ ಬಿಯರಿಗೆ ಹಾಕಿದ ಮೆಕ್ಕೆಜೋಳದಿಂದಲೇ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ಮಾಲ್ಟ್‌ನಲ್ಲೇ ಹುಟ್ಟುವ ಡಿಎಂಎಸ್ ಎಂಬ ಗಂಧಕದ ಸಂಯುಕ್ತ. ತಯಾರಿಕೆಯಲ್ಲಿ ಕುದಿ ಸಾಲದಿದ್ದರೆ ಅದು ಆವಿಯಾಗದೆ ಉಳಿಯುತ್ತದೆ. ಇದನ್ನು ಕಂಪನಿಯ ಲೆಕ್ಕಕ್ಕೆ ಬರೆಯಿರಿ.

ರಬ್ಬರ್ ವಾಸನೆಯನ್ನು ಮಾತ್ರ ಹೆಚ್ಚಾಗಿ ಅಂಗಡಿಯ ಲೆಕ್ಕಕ್ಕೇ ಬರೆಯಬೇಕು. ಬೆಳಕು ಬಿದ್ದಾಗ ಬಿಯರಿನಲ್ಲಿರುವ ರೈಬೊಫ್ಲಾವಿನ್ (ವಿಟಮಿನ್ ಬಿ2) ಅದನ್ನು ಹೀರಿ, ಕಹಿಗಾಗಿ ಹಾಕುವ ಹಾಪ್ಸ್ ಹೂವಿನ ಕಹಿ ಅಂಶವನ್ನು ಒಡೆಯುತ್ತದೆ. ಒಡೆದ ಚೂರು ಗಂಧಕದ ಜೊತೆ ಸೇರಿ ಆ ನಾತ ಬರುತ್ತದೆ. ಬಣ್ಣವಿಲ್ಲದ ಬಾಟಲಿಗೆ ನೇರ ಬಿಸಿಲು ಕೆಲವೇ ನಿಮಿಷ ಬಿದ್ದರೂ ಸಾಕು. ಹಸಿರು ಬಾಟಲಿಯದೂ ಹೆಚ್ಚುಕಡಿಮೆ ಅದೇ ಪಾಡು. ಕಂದು ಬಾಟಲಿ ಬಹುಪಾಲು ತಡೆಯುತ್ತದೆ, ಕ್ಯಾನ್‌ಗೆ ಈ ತೊಂದರೆಯೇ ಇಲ್ಲ. ಟ್ಯೂಬ್‌ಲೈಟ್ ಹಾಕಿದ ಗಾಜಿನ ಫ್ರಿಜ್ಜಿನಲ್ಲಿ ಮುಂದಿನ ಸಾಲಿನ ಬಾಟಲಿ ಬಿಟ್ಟು ಹಿಂದಿನದನ್ನು ಕೇಳಿ ಪಡೆಯಿರಿ.

ಈ ಮೂರಲ್ಲದೆ ಒದ್ದೆ ರಟ್ಟಿನ ವಾಸನೆ ಬಂದರೆ ಅದು ಹಳೆಯ ಸ್ಟಾಕ್. ಬಿಯರ್ ವ್ಯಾಪಾರದಲ್ಲಿ ಒಂದು ಅಂದಾಜು ಲೆಕ್ಕವಿದೆ: 32 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ, 22ರಲ್ಲಿ 30 ದಿನ, 3ರಲ್ಲಿ 300 ದಿನ ಇಟ್ಟರೆ ರುಚಿ ಒಂದೇ ಮಟ್ಟಕ್ಕೆ ಇಳಿದಿರುತ್ತದೆ. ಚಿಕ್ಕಮಗಳೂರಿನ ಚಳಿಗಾಲದಲ್ಲಿ ಗೋದಾಮು ತಡೆದೀತು. ಏಪ್ರಿಲ್‌ನಲ್ಲಿ ಕಡೂರಿನ ತಗಡಿನ ಶೆಡ್ಡಿನಲ್ಲಿ ವಾರ ಕೂತ ಕೇಸ್ ಕೆಟ್ಟಂತೆಯೇ. ಸಮುದ್ರ ದಾಟಿ ಬರುವ ಬಿಯರ್ ಅಷ್ಟರಲ್ಲಾಗಲೇ ತಿಂಗಳುಗಳನ್ನು ಕಳೆದಿರುತ್ತದೆ. ಬೆಲೆ ನೋಡುವ ಮುಂಚೆ ತಯಾರಾದ ತಿಂಗಳು ನೋಡಿ.

ಅವಸರಕ್ಕೆ ಫ್ರೀಜರಿಗೆ ಹಾಕಬೇಡಿ. ಬಿಯರ್ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಗಡ್ಡೆ ಕಟ್ಟುತ್ತದೆ, ಬಾಟಲಿ ಒಡೆಯಬಹುದು. ಬಕೆಟ್ಟಿನಲ್ಲಿ ಐಸು, ನೀರು, ಒಂದು ಹಿಡಿ ಉಪ್ಪು ಹಾಕಿ ಬಾಟಲಿ ಮುಳುಗಿಸಿದರೆ ಸುಮಾರು 20 ನಿಮಿಷ ಸಾಕು.

ಅಂಕ ಪ್ರಕಟಿಸುವ ಪತ್ರಿಕೆಗಳು ಬಾಟಲಿಯ ಬಣ್ಣ, ತಯಾರಾದ ತಿಂಗಳು, ಕುಡಿದಾಗಿನ ತಂಪು ಈ ಮೂರನ್ನೂ ಪಕ್ಕದಲ್ಲೇ ಹಾಕಬೇಕೆಂದು ವಿನಂತಿ. ರುಚಿ ನೋಡುವವರಿಗೆ 6-7 ಡಿಗ್ರಿ ಸರಿ, ಅದಕ್ಕಿಂತ ತಣ್ಣಗಾದರೆ ದೋಷವೂ ಮುಚ್ಚಿಹೋಗುತ್ತದೆ. ಗ್ಲಾಸಿನಲ್ಲಿ ಕಬಾಬಿನ ಜಿಡ್ಡಾಗಲಿ ಸೋಪಾಗಲಿ ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ. ಅದಕ್ಕೂ ಬಿಯರಿನ ಅಂಕ ಕಡಿಯಬೇಡಿ.

— ಓದುಗ, ಚಿಕ್ಕಮಗಳೂರು