ಹವಳ ಮುದುಡಿದರೆ ಮೊದಲು ಉಪ್ಪು ಅಳೆಯಿರಿ

ಮಾನ್ಯರೇ,

ರಾಯಚೂರು, ಬಳ್ಳಾರಿ, ಕೊಪ್ಪಳದಂಥ ಊರುಗಳಲ್ಲಿ ಉಪ್ಪುನೀರಿನ ಸಣ್ಣ ಟ್ಯಾಂಕ್ ಇಟ್ಟು ಮೃದು ಹವಳ (ಕಲ್ಲಿನಂಥ ಗೂಡು ಕಟ್ಟದ ಸಮುದ್ರಜೀವಿ) ಸಾಕುವವರು ಕಡಿಮೆ. ಬೇಸಿಗೆ ಬಂತೆಂದರೆ ಅವರದೆಲ್ಲ ಒಂದೇ ಪ್ರಶ್ನೆ: ಹವಳ ಮುದುಡಿದೆ, ಯಾವ ಔಷಧಿ ಹಾಕಲಿ? ಬಹುತೇಕ ಸಲ ಯಾವುದೂ ಬೇಡ. ನಮ್ಮ ಬಿಸಿಲಿಗೆ ಮೊದಲು ಕೆಡುವುದು ಉಪ್ಪಿನ ಪ್ರಮಾಣ.

50 ಲೀಟರ್ ನೀರಿರುವ ಟ್ಯಾಂಕಿನ ಮೇಲೆ ಫ್ಯಾನ್ ಬಿಟ್ಟರೆ ಮೇ ತಿಂಗಳ ಒಣಹವೆಗೆ ದಿನಕ್ಕೆ ಒಂದೂವರೆ ಲೀಟರ್ ಆರಿಹೋಗಬಹುದು. ನೀರು ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಮೂರು ದಿನ ಬೀಗ ಹಾಕಿ ಊರಿಗೆ ಹೋಗಿ ಬಂದರೆ ಲೀಟರಿಗೆ 35 ಗ್ರಾಂ ಇದ್ದ ಲವಣ 38 ದಾಟಿರುತ್ತದೆ. ಗಾಬರಿಯಲ್ಲಿ ಕೊರತೆಯನ್ನೆಲ್ಲ ಒಮ್ಮೆಲೇ ತುಂಬಿಸಿದರೆ ಹವಳಕ್ಕೆ ಎರಡನೇ ಪೆಟ್ಟು. ಅಂದಂದಿನ ಒಂದೂವರೆ ಲೀಟರಿನ ಜೊತೆ ಇನ್ನೊಂದೂವರೆ ಸೇರಿಸುತ್ತ ಮೂರು ದಿನಗಳಲ್ಲಿ ಸರಿದೂಗಿಸಬೇಕು. ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದಿಟ್ಟು ದಿನಾ ಬೆಳಿಗ್ಗೆ ಅಲ್ಲಿಯವರೆಗೆ ಉಪ್ಪು ಬೆರೆಸದ ನೀರು ಹಾಕುವುದು ಎಲ್ಲಕ್ಕಿಂತ ಸುಲಭ. ಉಪ್ಪು ಅಳೆಯಲು ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರ್ ನಂಬಬೇಡಿ. ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಸುಳ್ಳು ಹೇಳುತ್ತದೆ. ಬದಲಿಗೆ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಬಳಸಿ, ಅದನ್ನು ಲವಣ 35 ಇರುವ ದ್ರಾವಣದಿಂದಲೇ ಸರಿಹೊಂದಿಸಿ.

ಯಾವ ನೀರು ಎಂಬುದೂ ಮುಖ್ಯ. ಬೋರ್ ನೀರಂತೂ ಬೇಡವೇ ಬೇಡ. ನಾಣ್ಯ ಹಾಕಿ ಹಿಡಿಯುವ ಘಟಕದ ಕ್ಯಾನ್ ನೀರು ಕುಡಿಯಲು ಸರಿ, ಹವಳಕ್ಕೆ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಾಂಶಗಳ ಒಟ್ಟು ಅಳತೆ) 5ರೊಳಗೆ ಇರಬೇಕು. ಮನೆಯ ಹಲವು ಆರ್‌ಒ ಯಂತ್ರಗಳಲ್ಲೂ ರುಚಿಗೆಂದು ಒಂದಿಷ್ಟು ಕಚ್ಚಾ ನೀರು ಬೆರೆಸುವ ತಿರುಪು ಇರುತ್ತದೆ. ದಿನಕ್ಕೆ ಒಂದೂವರೆ ಲೀಟರ್ ಎಂದರೆ ತಿಂಗಳಿಗೆ 45. ಆ ನೀರಿನಲ್ಲಿದ್ದ ಕಸರೆಲ್ಲ ಟ್ಯಾಂಕಿನಲ್ಲೇ ಜಮೆಯಾಗುತ್ತ ಹೋಗುತ್ತದೆ.

ನೀರು 25ರಿಂದ 27 ಡಿಗ್ರಿ ಇರಲಿ. 30 ದಾಟಿ ಕೆಲವು ದಿನ ನಿಂತರೆ ಹವಳ ತನ್ನೊಳಗಿನ ಸೂಕ್ಷ್ಮ ಪಾಚಿಯನ್ನು ಹೊರದೂಡಿ ಬಿಳಿಚುತ್ತದೆ. ಐಸ್ ತುಂಡು ಎಸೆಯಬೇಡಿ. ಇನ್ನು, ನಾಡಿಗೆಲ್ಲ ಕರೆಂಟ್ ಕಳಿಸುವ ರಾಯಚೂರಿನಲ್ಲೂ ಕರೆಂಟ್ ಹೋಗುತ್ತದಲ್ಲ, ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಒಂದನ್ನು ಇಟ್ಟುಕೊಳ್ಳಿ. ಬಿಸಿನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ.

ಇವೆಲ್ಲ ಸರಿಯಿದ್ದೂ ತೊಗಲಿನಂಥ ಮೈಯ ಲೆದರ್ ಹವಳ ಮುದುಡಿ, ಮೈಮೇಲೆ ಮೇಣದಂಥ ಹೊಳಪು ಪೊರೆ ಬಂದಿದ್ದರೆ ಅದು ರೋಗವಲ್ಲ, ಪೊರೆ ಕಳಚುತ್ತಿದೆ. ವಾರ, ಹತ್ತು ದಿನ ಹಿಡಿಯಬಹುದು. ನೀರಿನ ಹರಿವು ನೇರವಾಗಿ ಬಡಿಯದೆ ಸವರಿಕೊಂಡು ಹೋಗುವಂತೆ ಪಂಪ್ ತಿರುಗಿಸಿದರೆ ಪೊರೆ ತಾನೇ ಹಾರಿಹೋಗುತ್ತದೆ. ಅಂಚು ಕಂದಾಗಿ ಲೋಳೆಯಾಗಿ ಕೊಳೆತ ವಾಸನೆ ಬಂದರೆ ಮಾತ್ರ ಹೊಸ ಬ್ಲೇಡಿನಿಂದ ಒಳ್ಳೆಯ ಭಾಗ ತಾಗುವವರೆಗೆ ಕತ್ತರಿಸಿ ತೆಗೆಯಬೇಕು. ಗುಂಡಿಯಂಥ ಸಣ್ಣ ಹೂಗಳ ಗುಂಪಿನಂತೆ ಕಾಣುವ ಜೋವಾ ಹವಳ ಕತ್ತು ಚಾಚಿ ಉದ್ದವಾದರೆ ಬೆಳಕು ಸಾಲದು. ಲೆದರ್ ಹವಳ ನೆರೆಯವರಿಗೆ ವಿಷ ಬಿಡುವ ಜಾತಿ. 50 ಲೀಟರಿಗೆ ಎರಡು ದೊಡ್ಡ ಚಮಚ ಆಕ್ಟಿವೇಟೆಡ್ ಕಾರ್ಬನ್ (ಆ ವಿಷ ಹೀರುವ ಇದ್ದಿಲು) ಇಟ್ಟು ಮೂರು ವಾರಕ್ಕೊಮ್ಮೆ ಬದಲಿಸಿ. ಜೋವಾ ಮುಟ್ಟುವಾಗ ಕೈಗವಸು, ಕನ್ನಡಕ ಇರಲಿ. ಅದು ಅಂಟಿದ ಕಲ್ಲನ್ನು ಎಂದಿಗೂ ಕುದಿಸಬೇಡಿ. ಜೋವಾದಲ್ಲಿರಬಹುದಾದ ಪಾಲಿಟಾಕ್ಸಿನ್ ಎಂಬ ಘೋರ ವಿಷ ಹಬೆಯೊಡನೆ ಉಸಿರಿಗೆ ಸೇರಿದರೆ ಆಸ್ಪತ್ರೆಯೇ ಗತಿ.

ಕೊನೆಯದಾಗಿ ಅಂಗಡಿಯವರಲ್ಲೊಂದು ವಿನಂತಿ. ಮೀನಿನ ಬಿಳಿಚುಕ್ಕೆಗೆ ಕೊಡುವ ಹಲವು ಔಷಧಿಗಳಲ್ಲಿ ತಾಮ್ರ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಮೀನಿನ ಮದ್ದಿಗೆ ಹವಳ, ಸೀಗಡಿ, ಬಸವನಹುಳು ಸಾಯುತ್ತವೆ. ಕಲ್ಲು, ಮರಳು ಹೀರಿಕೊಂಡ ತಾಮ್ರ ತಿಂಗಳುಗಟ್ಟಲೆ ಬಿಡುತ್ತಲೇ ಇರುತ್ತದೆ. ಬಾಟಲಿ ಕೊಡುವ ಮುನ್ನ ‘ಟ್ಯಾಂಕಿನಲ್ಲಿ ಹವಳ ಇದೆಯೇ’ ಎಂದು ಒಂದು ಮಾತು ಕೇಳಿ; ಇದೆ ಎಂದರೆ ಮೀನನ್ನು ಬೇರೆ ಟಬ್ಬಿಗೆ ಹಾಕಿ ಅಲ್ಲೇ ಔಷಧಿ ಕೊಡಲು ಹೇಳಿ.

– ಹವ್ಯಾಸಿ ಓದುಗರು, ರಾಯಚೂರು