ಹೂಮರದ ಸಸಿ ಕೊಳ್ಳುವಾಗ ಮೊದಲು ಬೇರು ನೋಡಿ

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿಯುತ್ತಿದ್ದಂತೆ ನರ್ಸರಿಗಳಲ್ಲಿ ಜನ ತುಂಬಿದ್ದಾರೆ. ಬೇಸಿಗೆಯಲ್ಲಿ ಪತ್ರಿಕೆಗಳಲ್ಲಿ ಬಂದ ಟಬೆಬುಯಾ, ಜಕರಂದ, ಗುಲ್‌ಮೊಹರ್ ಚಿತ್ರಗಳನ್ನು ಕಂಡು, ಮನೆ ಮುಂದೆಯೂ ಒಂದು ಹೂಮರ ಇರಲಿ ಎಂದು ಬರುವವರೇ ಹೆಚ್ಚು. ಸಂತೋಷದ ಸಂಗತಿ. ಆದರೆ ಕೊಂಡೊಯ್ದ ಸಸಿಗಳಲ್ಲಿ ಎಷ್ಟೋ ಎರಡನೇ ಬೇಸಿಗೆ ಕಾಣುವುದಿಲ್ಲ. ಬದುಕಿದವುಗಳಲ್ಲೂ ಕೆಲವು ಚೆನ್ನಾಗಿ ಬೆಳೆದು ಹೂ ಬಿಡುವ ಹೊತ್ತಿಗೆ ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಬುಡಸಮೇತ ಮಗುಚಿಕೊಳ್ಳುತ್ತವೆ. ಹಾಗೆ ಬಿದ್ದ ಮರದ ಬುಡವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಎಷ್ಟೋ ಕಡೆ ಬೇರುಗಳು ಹೊರಕ್ಕೆ ಚಾಚಿಯೇ ಇರುವುದಿಲ್ಲ. ಸಸಿಯಾಗಿದ್ದಾಗಿನ ಚೀಲದ ಆಕಾರದಲ್ಲೇ ಸುತ್ತಿಕೊಂಡು, ಒಂದನ್ನೊಂದು ಹಿಸುಕುತ್ತಾ ದಪ್ಪವಾಗಿರುತ್ತವೆ.

ಹೊಸಬರು ಸಾಮಾನ್ಯವಾಗಿ ಎಲ್ಲಕ್ಕಿಂತ ಎತ್ತರದ ಸಸಿ ಆರಿಸುತ್ತಾರೆ. 5x8 ಇಂಚಿನ ಚೀಲದಲ್ಲಿ ಆರಡಿ ಗಿಡ ನಿಂತಿದ್ದರೆ ಅದು ಬಹಳ ಕಾಲ ಅಲ್ಲೇ ಇಕ್ಕಟ್ಟಿನಲ್ಲಿ ಬೆಳೆದಿದೆ ಎಂದರ್ಥ. 8x12 ಇಂಚಿನ ಚೀಲದಲ್ಲಿರುವ, ಮೂರರಿಂದ ನಾಲ್ಕಡಿ ಎತ್ತರದ, ಬುಡ ಗಟ್ಟಿಯಾಗಿರುವ ಸಸಿ ಒಳ್ಳೆಯದು. ಕಟ್ಟಿರುವ ಕೋಲನ್ನು ಬಿಚ್ಚಿಸಿ ನೋಡಿ, ಗಿಡ ತಾನಾಗಿ ನಿಲ್ಲಬೇಕು. ಚೀಲವನ್ನು ಎತ್ತಿ ತಳವನ್ನೂ ನೋಡಿ. ತಾಯಿಬೇರು ಚೀಲ ತೂತು ಮಾಡಿ ನೆಲಕ್ಕಿಳಿದಿದ್ದರೆ ಕೀಳುವಾಗ ಅದು ಹರಿಯುತ್ತದೆ, ಅಂಥ ಗಿಡ ಮನೆಗೆ ಬಂದ ವಾರದಲ್ಲೇ ಬಾಡುತ್ತದೆ. ಪಕ್ಕದಲ್ಲಿ ಸ್ವಲ್ಪ ಸೀಳಿಸಿ ನೋಡಲು ಸಂಕೋಚ ಬೇಡ. ಮಣ್ಣಿನ ನಡುವೆ ಬಿಳಿ ಬೇರುತುದಿಗಳು ಕಂಡರೆ ತೆಗೆದುಕೊಳ್ಳಿ. ಕಂದು ಬಣ್ಣದ ದಪ್ಪ ಬೇರು ಒಳಗೋಡೆಗೆ ಸುತ್ತು ಹಾಕಿದ್ದರೆ ಬಿಟ್ಟುಬಿಡಿ.

ಸಂಪಿಗೆ ಕೊಳ್ಳುವವರು ಬೀಜದ ಗಿಡವೋ ಕಸಿಯೋ ಎಂದು ಕೇಳಲೇಬೇಕು. ಕಸಿ ಗಿಡ ಎರಡು ಮೂರು ವರ್ಷದಲ್ಲಿ ಹೂ ಬಿಟ್ಟರೆ ಬೀಜದ್ದಕ್ಕೆ ಎಂಟು ಹತ್ತು ವರ್ಷವೂ ಹಿಡಿಯಬಹುದು. ನೆಡುವಾಗ ಕಸಿಯ ಗಂಟು ನೆಲಕ್ಕಿಂತ ಮೇಲಿರಲಿ. ಗಂಟಿನ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟದಿದ್ದರೆ ಕಸಿ ಸೊರಗಿ ಅಡಿಗಿಡವೇ ಮೇಲಾಗುತ್ತದೆ.

ಇನ್ನು ಜಾಗ. ವಿದ್ಯುತ್ ತಂತಿಯ ಕೆಳಗೆ ಗುಲ್‌ಮೊಹರ್, ಆಕಾಶಮಲ್ಲಿಗೆ ನೆಟ್ಟರೆ ವರ್ಷವರ್ಷವೂ ನೆತ್ತಿ ಕಡಿಸಿಕೊಂಡು ಮರ ಒಂದು ಕಡೆಗೆ ವಾಲುತ್ತದೆ. ಅಲ್ಲಿಗೆ ಪಾರಿಜಾತ, ರತ್ನಗಂಧಿ, ದೇವಕಣಗಿಲೆ ಸಾಕು. 30x40 ನಿವೇಶನದ ಮನೆಗೂ ಇವೇ ಹೊಂದುತ್ತವೆ. ಜಾಗ ಧಾರಾಳವಾಗಿದ್ದರೆ ಹೊಳೆದಾಸವಾಳ, ಕಕ್ಕೆ, ಬಕುಳ ನಮ್ಮ ನೆಲಕ್ಕೆ ಒಗ್ಗಿದ ಮರಗಳು. ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದದ್ದು. ಅದರ ಬೇರು ಮೇಲ್ಪದರದಲ್ಲೇ ಹರಡುತ್ತದೆ, ಕೊಂಬೆಯೂ ಪೆಡಸು. ಮೈದಾನಕ್ಕೆ ಸರಿ, ಕಾಂಪೌಂಡ್ ಪಕ್ಕಕ್ಕೆ ಖಂಡಿತ ಬೇಡ. ನೆಟ್ಟ ಮೇಲೆ ಬೇಡವೆನಿಸಿದರೆ ಕಡಿಯುವುದು ನಗರದಲ್ಲಿ ಅಷ್ಟು ಸುಲಭವಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕಾಗುತ್ತದೆ.

ಗುಂಡಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ ಇರಲಿ. ಕಟ್ಟಡದ ಜಲ್ಲಿ, ಸಿಮೆಂಟ್ ತುಂಬಿದ ನೆಲವಾದರೆ ಮೂರಡಿ ಅಗೆದು ಆ ಕಸವನ್ನೆಲ್ಲ ಹೊರಹಾಕಬೇಕು. ಮೇಲಿನ ಒಂದಡಿ ಮಣ್ಣನ್ನು ಬೇರೆ ಇಟ್ಟುಕೊಂಡು, ಅದಕ್ಕೆ ಮೂರರಲ್ಲೊಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಕಾಲು ಕಿಲೋ ಬೇವಿನ ಹಿಂಡಿ ಬೆರೆಸಿ. ಹಸಿ ಸಗಣಿ ಹಾಕಿದರೆ ಅದು ಕೊಳೆಯುವಾಗಿನ ಕಾವಿಗೆ ಎಳೆ ಬೇರು ಸುಡುತ್ತದೆ, ಗೊಣ್ಣೆಹುಳುವೂ ಸೇರಿಕೊಳ್ಳುತ್ತದೆ. ಗುಂಡಿಗೆ ನೀರು ಸುರಿದು ನೋಡಿ, ಮರುದಿನವೂ ನಿಂತಿದ್ದರೆ ಅಲ್ಲಿ ಬೇರು ಕೊಳೆಯುತ್ತದೆ. ವಿಜಯಪುರ, ಧಾರವಾಡದ ಎರೆಭೂಮಿಯಲ್ಲೂ ಮಲೆನಾಡಿನಲ್ಲೂ ಮಣ್ಣನ್ನು ಅರ್ಧ, ಒಂದಡಿ ದಿಬ್ಬ ಮಾಡಿ ಅದರ ಮೇಲೆ ನೆಡುವುದೇ ಕ್ಷೇಮ.

ನೆಡುವ ಮುನ್ನ ಚೀಲವನ್ನು ಪೂರ್ತಿ ತೆಗೆಯಿರಿ. ಪ್ಲಾಸ್ಟಿಕ್ ಸಮೇತ ಹೂಳುವವರು ಇವತ್ತಿಗೂ ಇದ್ದಾರೆ, ಶಾಲಾ ಕಾರ್ಯಕ್ರಮಗಳಲ್ಲಂತೂ ಇದು ಮಾಮೂಲು. ತಳದಲ್ಲಿ ಸುರುಳಿಯಾದ ಬೇರಿದ್ದರೆ ಹರಿತವಾದ ಚಾಕುವಿನಿಂದ ಒಂದಂಗುಲದಷ್ಟು ಕತ್ತರಿಸಿ, ಪಕ್ಕದಲ್ಲೂ ಮೂರು ನಾಲ್ಕು ಕಡೆ ಮೇಲಿಂದ ಕೆಳಕ್ಕೆ ಗೀರಿ. ಆಗ ಹೊಸ ಬೇರು ಹೊರಮುಖವಾಗಿ ಹೊರಡುತ್ತದೆ. ಚೀಲದಲ್ಲಿ ಮಣ್ಣು ಎಲ್ಲಿಯವರೆಗಿತ್ತೋ ನೆಲದಲ್ಲೂ ಅಲ್ಲಿಯವರೆಗೇ ಇರಬೇಕು. ಕಾಂಡವನ್ನು ಆಳಕ್ಕೆ ಹೂತರೆ ಗಟ್ಟಿ ನಿಲ್ಲುತ್ತದೆ ಎಂಬುದು ತಪ್ಪು ನಂಬಿಕೆ. ಹೂತ ತೊಗಟೆ ತೇವಕ್ಕೆ ಕೊಳೆತು ಗಿಡ ನಿಧಾನವಾಗಿ ಸಾಯುತ್ತದೆ.

ಎರಡು ಮೂರು ಹದಮಳೆ ಬಿದ್ದ ಮೇಲೆ, ಮೋಡ ಮುಸುಕಿದ ಸಂಜೆ ನೆಡುವುದು ಒಳ್ಳೆಯದು. ಆಧಾರದ ಕೋಲುಗಳನ್ನು ಕಾಂಡಕ್ಕೆ ತಾಗಿಸದೆ ಎರಡು ಬದಿಗೆ ನೆಟ್ಟು, ಸೆಣಬಿನ ದಾರದಿಂದ ಸಡಿಲವಾಗಿ ಕಟ್ಟಿ. ತಂತಿ ಬೇಡ, ಕಾಂಡ ದಪ್ಪವಾದಂತೆ ತೊಗಟೆಯೊಳಕ್ಕೆ ಇಳಿಯುತ್ತದೆ. ವರ್ಷ ಕಳೆದ ಮೇಲೆ ಕೋಲು ತೆಗೆಯಿರಿ.

ಸಸಿ ಉಳಿಯುವುದೂ ಅಳಿಯುವುದೂ ಜನವರಿಯಿಂದ ಮೇ ಒಳಗೆ. ದಿನಾ ಒಂದು ಚೊಂಬು ನೀರು ಹಾಕಿದರೆ ಮೇಲ್ಮಣ್ಣು ಮಾತ್ರ ನೆನೆದು ಬೇರು ಮೇಲೆಯೇ ಉಳಿಯುತ್ತದೆ. ಬದಲಿಗೆ ವಾರಕ್ಕೊಮ್ಮೆ ಒಂದು ದೊಡ್ಡ ಬಕೆಟ್, ಅಂದರೆ 15ರಿಂದ 20 ಲೀಟರ್, ಪಾತಿಯ ತುಂಬ ನಿಧಾನವಾಗಿ ಉಣಿಸಿ. ಮರಳುಮಣ್ಣಾದರೆ ಎರಡು ಸಲ. ಪಾತಿಯಲ್ಲಿ ಮೂರಂಗುಲ ತರಗೆಲೆ ಹೊದಿಸಿ, ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡಿ. ಇದನ್ನು ಕನಿಷ್ಠ ಎರಡು ಬೇಸಿಗೆ ನಡೆಸಬೇಕು.

ಕಕ್ಕೆ ನೆಟ್ಟವರಿಗೆ ಒಂದು ಮಾತು. ಮಳೆಗಾಲದಲ್ಲಿ ಹಸಿರು ಹುಳುಗಳು ಬಂದು ಎಲೆಯನ್ನೆಲ್ಲ ತಿಂದು ದಂಟು ಮಾತ್ರ ಉಳಿಸಿದರೆ ಗಾಬರಿಯಾಗಿ ಔಷಧಿ ಹೊಡೆಯಬೇಡಿ. ಸಾಮಾನ್ಯವಾಗಿ ಅವು ತಿಳಿಹಳದಿ ಚಿಟ್ಟೆಯ ಮರಿಗಳು. ಬೇರು ಹಿಡಿದ ಗಿಡ ಕೆಲವೇ ವಾರಗಳಲ್ಲಿ ಮತ್ತೆ ಚಿಗುರುತ್ತದೆ.

ಸಸಿ ವಿತರಿಸುವ ಇಲಾಖೆಗಳಲ್ಲಿ, ನರ್ಸರಿಗಳವರಲ್ಲಿ ನಮ್ಮ ಕೋರಿಕೆ ಇಷ್ಟು: ಪ್ರತಿ ಸಸಿಗೂ ಕಟ್ಟುವ ಚೀಟಿಯಲ್ಲಿ ಮರದ ಹೆಸರು, ಬೀಜದ್ದೋ ಕಸಿಯದ್ದೋ ಎಂಬುದು, ಬೆಳೆದಾಗಿನ ಎತ್ತರ, ಚೀಲಕ್ಕೆ ಹಾಕಿದ ತಿಂಗಳು ಇವು ನಾಲ್ಕನ್ನೂ ಕನ್ನಡದಲ್ಲಿ ಬರೆಯಿರಿ. ವನಮಹೋತ್ಸವದಲ್ಲಿ ಕೊಡುವ ಸಸಿಗಳಿಗೂ ಈ ಚೀಟಿ ಇರಲಿ.

ಇಂತಿ,
ಸಸಿ ಬೆಳೆಸುವ ಕೆಲಸದಲ್ಲಿರುವ ಓದುಗರು, ಮೈಸೂರು