ಮಗಳಿಗೊಂದು ಪತ್ರ: ಆರಾಧನೆ ಮುಗಿದ ಮೇಲಿನ ಕಾಫಿ

ಪ್ರೀತಿಯ ಮಗಳೇ,

ನಿಮ್ಮ ಚರ್ಚಿನ ಸಭೆಯಲ್ಲಿ ಭಾನುವಾರದ ಕಾಫಿಯ ಉಸ್ತುವಾರಿ ನಿನ್ನ ಪಾಲಿಗೆ ಬಂದಿದೆ, ಇನ್ನು ಫೇರ್‌ಟ್ರೇಡ್ ಕಾಫಿಯನ್ನೇ (ಬೆಳೆಗಾರರಿಗೆ ನ್ಯಾಯವಾದ ಬೆಲೆ ಸಿಗಲೆಂದು ಮುದ್ರೆ ಹಾಕಿ ಮಾರುವ ಕಾಫಿ) ತರಿಸಬೇಕು ಅಂತ ತೀರ್ಮಾನವಾಗಿದೆ ಎಂದು ಬರೆದಿದ್ದೀಯ. ಓದಿ ಸಂತೋಷವಾಯಿತು. ಆದರೆ ಅದಕ್ಕೆ ಕೊಡುವ ಹೆಚ್ಚಿನ ದುಡ್ಡನ್ನು ಕಾಣಿಕೆಯ ಲೆಕ್ಕಕ್ಕೆ ಬರೆಯಬೇಡಿ. ಅದು ಕೂಲಿ. ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕು ಅನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ ಅನ್ನುತ್ತದೆ ಯಾಕೋಬನ ಪತ್ರ. ಎರಡೂ ಕಡೆ ದಾನದ ಮಾತಿಲ್ಲ. ದಾನವಾದರೆ ಕೊಟ್ಟು ಸುಮ್ಮನಿರಬಹುದು. ಕೂಲಿಯಾದರೆ ಅದು ಯಾರ ಕೈ ಸೇರಿತು ಅಂತ ವಿಚಾರಿಸುವುದೂ ನಮ್ಮ ಕೆಲಸವೇ.

ಈ ಮುದ್ರೆಯ ಹಿಂದೆ ಒಬ್ಬ ಪಾದ್ರಿಯೂ ಇದ್ದರು. ಮೆಕ್ಸಿಕೋದ ಒಹಾಕಾದಲ್ಲಿ ಯೂಸಿರಿ ಎಂಬ ಬೆಳೆಗಾರರ ಸಹಕಾರ ಸಂಘದ ಜೊತೆ ದುಡಿಯುತ್ತಿದ್ದ ಪಾದ್ರಿ ಫ್ರಾನ್ಸ್ ವ್ಯಾನ್ ಡರ್ ಹಾಫ್ ಮತ್ತು ನೆದರ್ಲೆಂಡ್ಸ್‌ನ ನಿಕೋ ರೋಜೆನ್ ಸೇರಿ 1988ರಲ್ಲಿ ಮೊದಲ ಮುದ್ರೆಯನ್ನು ಮಾರುಕಟ್ಟೆಗೆ ತಂದರು. ಮರುವರ್ಷವೇ ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಅಂತ ಹೇಳುತ್ತಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿದ್ದು ಕಾಫಿ ಬೆಲೆ ನೆಲ ಕಚ್ಚಿತು. ಕನಿಷ್ಠ ಬೆಲೆಯೆಂಬುದು ಯಾಕೆ ಬೇಕು ಅಂತ ಆಗ ಎಲ್ಲರಿಗೂ ಗೊತ್ತಾಯಿತು.

ಈಗ ಲೆಕ್ಕಕ್ಕೆ ಬರೋಣ. ಮುದ್ರೆಯ ನಿಯಮ ಮಾಡುವ ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್ ಸಂಸ್ಥೆಯವರು ವಾಶ್ಡ್ (ತೊಳೆದು ಸಂಸ್ಕರಿಸಿದ) ಅರೇಬಿಕಾಕ್ಕೆ ಪೌಂಡಿಗೆ 1.40 ಡಾಲರ್ ಇದ್ದ ಕನಿಷ್ಠ ಬೆಲೆಯನ್ನು 2023ರ ಆಗಸ್ಟ್‌ನಿಂದ 1.80ಕ್ಕೆ ಏರಿಸಿದರು. ಅದರ ಮೇಲೆ ಬೆಳೆಗಾರರ ಸಂಘಕ್ಕೆ 20 ಸೆಂಟ್ ಪ್ರೀಮಿಯಂ, ಅಂದರೆ ಬೆಲೆಯ ಜೊತೆಗೆ ಕೊಡುವ ಹೆಚ್ಚುವರಿ ಹಣ. ಮಾರುಕಟ್ಟೆ ಬೆಲೆ ಇದಕ್ಕಿಂತ ಮೇಲಿದ್ದರೆ ಆ ಬೆಲೆಯನ್ನೇ ಕೊಡಬೇಕು. ನಿಮ್ಮಲ್ಲಿ 60 ಲೋಟ ಕಾಫಿ ಆಗಬೇಕಾದರೆ 11 ಲೀಟರ್ ನೀರು, 600 ಗ್ರಾಂ ಪುಡಿ ಬೇಕು. ಹುರಿದಾಗ ಬೀಜದ ತೂಕ ಆರನೇ ಒಂದು ಪಾಲಿನಷ್ಟು ಇಳಿಯುವುದರಿಂದ ಹಸಿ ಬೀಜ ಸುಮಾರು 720 ಗ್ರಾಂ, ಅಂದರೆ 1.6 ಪೌಂಡ್. ಕನಿಷ್ಠ ಬೆಲೆ, ಪ್ರೀಮಿಯಂ ಎರಡೂ ಸೇರಿ 3.20 ಡಾಲರ್, ಲೋಟಕ್ಕೆ ಐದು ಸೆಂಟ್ ಚಿಲ್ಲರೆ. ವರ್ಷಕ್ಕೆ 50 ಭಾನುವಾರ ಅಂತಿಟ್ಟುಕೊಂಡರೂ ನಿಮ್ಮ ಇಡೀ ಸಭೆಯಿಂದ ಸಂಘಕ್ಕೆ ಸೇರುವ ಪ್ರೀಮಿಯಂ 16 ಡಾಲರ್. ಇದು ನಿಮ್ಮ ಸಮಿತಿಯವರಿಗೆಲ್ಲ ಗೊತ್ತಿರಲಿ. ಪೊಟ್ಟಣಕ್ಕೆ ನೀವು ಹೆಚ್ಚಾಗಿ ಕೊಡುವುದರಲ್ಲಿ ದೊಡ್ಡ ಪಾಲು ಹುರಿಯುವವರಿಗೂ ಅಂಗಡಿಯವರಿಗೂ ಹೋಗುತ್ತದೆ.

ಇನ್ನೊಂದು ಗಮನಿಸು. ಆ 1.80 ಡಾಲರ್ ಬಂದರಿನಲ್ಲಿ ಹಡಗಿಗೇರುವ ಹೊತ್ತಿನ ಬೆಲೆ, ಬೆಳೆಗಾರನ ಕಣದ ಬೆಲೆಯಲ್ಲ. ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು), ಸಾಗಾಣಿಕೆ, ಸಾಲದ ಬಡ್ಡಿ ಎಲ್ಲವನ್ನೂ ಸಂಘ ಅದರಲ್ಲೇ ಕಳೆಯಬೇಕು. ಇನ್ನು ಹಣ್ಣು ಕೊಯ್ಯುವವರ ಪಾಡು. ನಮ್ಮ ಮಲೆನಾಡಿನಲ್ಲಿ ನೀನೇ ನೋಡಿದ್ದೀಯ: ಸೊಂಟಕ್ಕೆ ಚೀಲ ಕಟ್ಟಿ, ಒಂದೇ ಗೊಂಚಲಿನಲ್ಲಿ ಕಾಯಿ ಬಿಟ್ಟು ಹಣ್ಣನ್ನಷ್ಟೇ ಬೆರಳಲ್ಲಿ ತಿರುವಿ ಬಿಡಿಸಬೇಕು, ಸಂಜೆ ತೂಕಕ್ಕೆ ನಿಲ್ಲಬೇಕು. ನಿಮ್ಮ ಸಭೆಯ ಒಂದು ವರ್ಷದ ಕಾಫಿಗೆ ಸುಮಾರು 200 ಕಿಲೋ ಹಣ್ಣು ಬೇಕು. ಸಣ್ಣ ಹಿಡುವಳಿದಾರರೂ ಸುಗ್ಗಿಯಲ್ಲಿ ಕೂಲಿಯಾಳು ಕರೆಯುತ್ತಾರೆ; ಆದರೆ ಮುದ್ರೆಯ ನಿಯಮಗಳೆಲ್ಲ ಮುಖ್ಯವಾಗಿ ಬೆಳೆಗಾರರ ಸಂಘವನ್ನು ನೋಡಿ ಮಾಡಿದ್ದು. ಇಥಿಯೋಪಿಯಾ, ಉಗಾಂಡಾಗಳಲ್ಲಿ ಲಂಡನ್ ವಿಶ್ವವಿದ್ಯಾಲಯದ ಸೋಆಸ್ (SOAS) ಕಾಲೇಜಿನವರು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೇರ್‌ಟ್ರೇಡ್ ಸಂಘಗಳಿದ್ದ ಕಡೆ ಕೂಲಿಯವರ ಸ್ಥಿತಿ ಉತ್ತಮವಾಗಿರಲಿಲ್ಲ. ಹಾಗಂತ ಮುದ್ರೆಯನ್ನೇ ಬಿಡು ಅನ್ನುವುದಿಲ್ಲ. ಬೆಲೆ ಬಿದ್ದ ವರ್ಷ ಬೆಳೆಗಾರ ಗಿಡ ಕೀಳದೆ ಉಳಿಯುವುದಕ್ಕೆ ಅದೊಂದು ಆಸರೆ. ಅಷ್ಟಕ್ಕೇ ಕೈ ತೊಳೆದುಕೊಳ್ಳಬಾರದು, ಅಷ್ಟೆ.

ಮುದ್ರೆಗಳೂ ಒಂದೇ ಅಲ್ಲ. ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್ ಕಾಫಿಯಲ್ಲಿ ಸಣ್ಣ ಬೆಳೆಗಾರರ ಸಂಘಗಳನ್ನು ಮಾತ್ರ ಸೇರಿಸಿಕೊಳ್ಳುತ್ತದೆ. ಅದರಿಂದ 2011ರ ಕೊನೆಗೆ ಹೊರಬಂದ ಫೇರ್ ಟ್ರೇಡ್ ಯುಎಸ್‌ಎ ಎಸ್ಟೇಟುಗಳಿಗೂ ಮುದ್ರೆ ಕೊಡುತ್ತದೆ. ಕಪ್ಪೆಯ ಚಿತ್ರವಿರುವ ರೇನ್‌ಫಾರೆಸ್ಟ್ ಅಲಯನ್ಸ್‌ನಲ್ಲಿ ಕನಿಷ್ಠ ಬೆಲೆಯೇ ಇಲ್ಲ.

ಹುರಿಯುವವರಿಗೆ ಹೀಗೆ ಬರೆದು ಕೇಳು: ಯಾವ ಸಂಘದ ಕಾಫಿ, ಯಾವ ವರ್ಷದ ಬೆಳೆ, ಬಂದರಿನ ಬೆಲೆ ಎಷ್ಟು ಕೊಟ್ಟಿರಿ, ಎಷ್ಟು ವರ್ಷದಿಂದ ಅವರಿಂದಲೇ ಕೊಳ್ಳುತ್ತಿದ್ದೀರಿ, ಸುಗ್ಗಿಗೆ ಮುಂಚೆ ಮುಂಗಡ ಕೊಡುತ್ತೀರಾ? ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮುಂಗಡ. ಸಂಘ ಕೇಳಿದರೆ ಒಪ್ಪಂದದ ಮೊತ್ತದಲ್ಲಿ 60 ಶೇಕಡಾದವರೆಗೆ ಮುಂಗಡ ಸಿಗಬೇಕು ಅಂತ ಫೇರ್‌ಟ್ರೇಡ್ ನಿಯಮವಿದೆ. ಅದು ಕೈಗೆ ಬಾರದಿದ್ದರೆ ಸಂಘದ ಹತ್ತಿರ ನಗದು ಇರುವುದಿಲ್ಲ; ಕೊಯ್ಲಿನ ಕೂಲಿ ಕೊಡಬೇಕಾದ ಸದಸ್ಯ ಮನೆ ಬಾಗಿಲಿಗೆ ಬಂದ ದಲ್ಲಾಳಿಗೆ ಕಾಫಿ ಅಳೆದುಬಿಡುತ್ತಾನೆ. ಮಾರುಕಟ್ಟೆ ಏರಿದ ವರ್ಷ ಇದು ಇನ್ನೂ ಹೆಚ್ಚು. ಆಗ ಸಂಘ ಒಪ್ಪಿದಷ್ಟು ಕಾಫಿ ಕೊಡಲಾಗದೆ ಕೊಳ್ಳುವವರನ್ನೇ ಕಳೆದುಕೊಳ್ಳುತ್ತದೆ.

ಪ್ರಶ್ನೆಗಳಿಗೆ ನೇರವಾಗಿ ಉತ್ತರ ಕೊಟ್ಟವರ ಹತ್ತಿರ ತಿಂಗಳಿಗೆ ಐದೂವರೆ ಪೌಂಡಿನಷ್ಟು ತರಿಸು. ಪುಡಿ ಬೇಡ, ಬೀಜವೇ ಇರಲಿ, ಹುರಿದ ತಾರೀಖು ನೋಡಿಕೋ. ಭಾನುವಾರ ಬೆಳಿಗ್ಗೆಯೇ ಪುಡಿ ಮಾಡಿಸು. ಪರ್ಕೊಲೇಟರ್ ಹಂಡೆಯಾದರೆ ತರಿಯಾಗಿರಬೇಕು, ನುಣ್ಣಗಾದರೆ ಗಸಿ ಇಳಿದು ಕಹಿಯಾಗುತ್ತದೆ. ಇಳಿದ ಕೂಡಲೇ ಥರ್ಮಾಸಿಗೆ ಸುರಿ, ಒಲೆಯ ಮೇಲೆ ಕಾಯುತ್ತಾ ಬಿಡಬೇಡ. ಕಾಫಿ ಕೆಟ್ಟರೆ ಜನ ದೂರುವುದು ಹಂಡೆಯನ್ನಲ್ಲ, ಫೇರ್‌ಟ್ರೇಡನ್ನು. ಮುಂದಿನ ಸಮಿತಿ ಸಭೆಯಲ್ಲೇ ಅಗ್ಗದ ಡಬ್ಬಿ ವಾಪಸು ಬಂದುಬಿಡುತ್ತದೆ. ಹುರಿಯುವವರು ಏನು ಬರೆದರು ಅಂತ ನನಗೂ ತಿಳಿಸು.

ದೇವರು ನಿನ್ನನ್ನು ಆಶೀರ್ವದಿಸಲಿ.

ನಿನ್ನ ಅಮ್ಮ